ಸಾಕ್ಷಿಗೆ ಶಿಕ್ಷೆ, ಅಪರಾಧಿಗೆ ಬಿಡುಗಡೆ

ಸುಣ್ಣದ ಕಲ್ಲು ಸಿಮೆಂಟಿನ ಗಟ್ಟಿಯಾಗಿ ಮಾರ್ಪಡಬೇಕಾದರೆ ಕುಲುಮೆಯೊಳಗೆ ಅದು ಸುಮಾರು 1450 ಡಿಗ್ರಿ ಸೆಲ್ಸಿಯಸ್ ಕಾವನ್ನು ಕಾಣಬೇಕು. ಕೋಡ್ಲಾ, ಸೇಡಂ, ಮಳಖೇಡ, ವಾಡಿಗಳ ನೆರೆಯಲ್ಲಿ ವಾಸಿಸುವವರಿಗೆ ಈ ಕುಲುಮೆಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಅಷ್ಟು ಕಾವನ್ನು ಹುಟ್ಟಿಸುವ ಕಲ್ಲಿದ್ದಲು ಪೂರ್ಣವಾಗಿ ಉರಿಯುತ್ತಿದೆಯೆ ಎಂಬುದನ್ನು ಬೆಂಕಿಯ ಬಣ್ಣ ನೋಡಿ ನಿರ್ಧರಿಸುವ ಕಾಲ ಹೋಯಿತು. ಕುಲುಮೆಯಿಂದ ಹೊರಡುವ ಅನಿಲದಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂಬುದನ್ನು ಉಪಕರಣವೊಂದು ಎಡೆಬಿಡದೆ ಅಳೆಯುತ್ತದೆ. ಅಂಕಿ ಏರುಪೇರಾದರೆ ಕೆಲಸಗಾರರು ಮೊದಲು ಇಂಧನವನ್ನೂ ಗಾಳಿಯನ್ನೂ ಪರೀಕ್ಷಿಸುತ್ತಾರೆ. ಉಪಕರಣದ ಮೇಲೆಯೇ ಸಂಶಯ ಬಂದರೆ, ಪ್ರಮಾಣ ಗೊತ್ತಿರುವ ಅನಿಲವನ್ನು ಅದಕ್ಕೆ ಉಣಿಸಿ ಸರಿನೋಡುತ್ತಾರೆ. ಅಂಕಿ ಹಿಡಿಸಲಿಲ್ಲವೆಂದು ಉಪಕರಣವನ್ನೇ ಕಿತ್ತೊಗೆಯುವುದಿಲ್ಲ.

ಇದೇ ಊರುಗಳ ರಸ್ತೆಬದಿಯ ಗ್ಯಾರೇಜುಗಳಲ್ಲಾಗಲಿ, ನಾಡಿನ ಬೇರೆಡೆಗಳಲ್ಲಾಗಲಿ, ಹಳೆಯ ಪೆಟ್ರೋಲ್ ಜೀಪೊಂದು ಕೆಮ್ಮುತ್ತ ಬಂದಾಗ ನಡೆಯುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದು. ಮೈಲೇಜು ಇಳಿದಿದೆ, ಹೊಗೆ ನಾರುತ್ತಿದೆ ಎಂದೊಡನೆ “ಆಕ್ಸಿಜನ್ ಸೆನ್ಸರ್ ಹೋಗಿದೆ” ಎಂಬ ತೀರ್ಪು ಹೊರಬೀಳುತ್ತದೆ. ಹೊಸದು ಬರುತ್ತದೆ, ಸಾವಿರಾರು ರೂಪಾಯಿ ಹೋಗುತ್ತದೆ. ಹದಿನೈದು ದಿನದಲ್ಲಿ ಗಾಡಿ ಮತ್ತೆ ಅದೇ ರೋಗ ಹೊತ್ತು ಬರುತ್ತದೆ. ಈ ರೂಢಿ ತಪ್ಪೆಂಬುದೂ, ಇದನ್ನು ಬಿಡುವುದು ಅಸಾಧ್ಯವಲ್ಲವೆಂಬುದೂ ನಮ್ಮ ಅಭಿಪ್ರಾಯ.

ಮೊದಲು ಈ ಉಪಕರಣದ ಸ್ವರೂಪವನ್ನು ತಿಳಿಯೋಣ. ಒಂದು ತೂಕ ಪೆಟ್ರೋಲು ಸಂಪೂರ್ಣವಾಗಿ ಉರಿಯಲು ಸುಮಾರು 14.7 ತೂಕ ಗಾಳಿ ಬೇಕು. ಈ ಪ್ರಮಾಣದ ಆಸುಪಾಸಿನಲ್ಲಿ ಮಾತ್ರ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಶೋಧಕವು ಇಂಗಾಲದ ಮಾನಾಕ್ಸೈಡು, ಉರಿಯದ ಹೈಡ್ರೋಕಾರ್ಬನ್ನು, ಸಾರಜನಕದ ಆಕ್ಸೈಡುಗಳು ಎಂಬ ಮೂರು ವಿಷಗಳನ್ನೂ ಏಕಕಾಲದಲ್ಲಿ ಕಳೆಯಬಲ್ಲುದು. ಆ ಪ್ರಮಾಣವನ್ನು ಕಾಯುವ ಕಾವಲುಗಾರನೇ ಆಮ್ಲಜನಕ ಸಂವೇದಕ. ಅದರ ಜೀವಾಳ ಜರ್ಕೋನಿಯಾ ಎಂಬ ಪಿಂಗಾಣಿ. ಜರ್ಮನ್ ವಿಜ್ಞಾನಿ ವಾಲ್ಟರ್ ನೆರ್ನ್ಸ್ಟ್ 19ನೆಯ ಶತಮಾನದ ಕೊನೆಯಲ್ಲಿ ಕಾದ ಜರ್ಕೋನಿಯಾದ ವಿದ್ಯುದ್ವಾಹಕ ಗುಣವನ್ನು ತನ್ನ ದೀಪಕ್ಕೆ ಬಳಸಿಕೊಂಡಿದ್ದನು. ಅದೇ ಗುಣವನ್ನು ಬಾಷ್ ಸಂಸ್ಥೆಯು ಮೋಟಾರು ಗಾಡಿಗೆ ಅಳವಡಿಸಿ, 1976ರಲ್ಲಿ ವೋಲ್ವೊ ಕಾರುಗಳ ಮೂಲಕ ಬಳಕೆಗೆ ತಂದಿತು. ಕುಲುಮೆ, ಬಾಯ್ಲರುಗಳ ಅನಿಲವನ್ನು ಅಳೆಯಲು ಸಹ ಇದೇ ತತ್ತ್ವದ ಮಾಪಕಗಳು ಬಳಕೆಯಲ್ಲಿವೆ. ಸಿಮೆಂಟು ಕಾರ್ಖಾನೆಗೂ ಜೀಪಿಗೂ ಈ ಬಗೆಯ ನೆಂಟಸ್ತಿಕೆಯುಂಟು.

ಸಂವೇದಕದ ಒಳಮೈಗೆ ಹೊರಗಿನ ಗಾಳಿಯೂ ಹೊರಮೈಗೆ ಎಂಜಿನ್ನಿನ ಹೊಗೆಯೂ ತಗಲುತ್ತವೆ. ಪಿಂಗಾಣಿ 300 ಡಿಗ್ರಿಗೂ ಹೆಚ್ಚು ಕಾದಾಗ ಎರಡು ಕಡೆಯ ಆಮ್ಲಜನಕದ ಅಂತರವು ವಿದ್ಯುತ್ತಾಗಿ ತೋರುತ್ತದೆ. ಹೊಗೆಯಲ್ಲಿ ಆಮ್ಲಜನಕ ಕಡಮೆಯಾದರೆ ಸುಮಾರು 0.9 ವೋಲ್ಟ್, ಹೆಚ್ಚಾದರೆ ಸುಮಾರು 0.1 ವೋಲ್ಟ್. ಇದನ್ನು ಓದಿಕೊಂಡು ಗಾಡಿಯ ಕಂಪ್ಯೂಟರು ಪೆಟ್ರೋಲನ್ನು ಕ್ಷಣಕ್ಷಣಕ್ಕೂ ಏರಿಸಿ ಇಳಿಸುತ್ತದೆ. ಸಂವೇದಕ ಬಲ್ಲುದು ಇಷ್ಟೇ. ಆಮ್ಲಜನಕ ಎಲ್ಲಿಂದ ಬಂತು, ಏಕೆ ಬಂತು ಎಂಬುದನ್ನು ಅದು ಅರಿಯದು. ಅದು ಸಾಕ್ಷಿಯೇ ಹೊರತು ನ್ಯಾಯಾಧೀಶನಲ್ಲ.

ಆದಕಾರಣವೇ ಮೋಸ ಹೋಗುವ ಸಂಭವ ಹೆಚ್ಚು. ಒಂದು ಸ್ಪಾರ್ಕ್ ಪ್ಲಗ್ಗು ಕಿಡಿ ಹಾರಿಸಲಿಲ್ಲವೆನ್ನಿ. ಆ ಸಿಲಿಂಡರಿನ ಪೆಟ್ರೋಲೂ ಗಾಳಿಯೂ ಉರಿಯದೆ ಹೊರಬೀಳುತ್ತವೆ. ಸಂವೇದಕವು ಪೆಟ್ರೋಲನ್ನು ಕಾಣದೆ ಆಮ್ಲಜನಕವನ್ನಷ್ಟೇ ಕಂಡು “ಗಾಳಿ ಹೆಚ್ಚು” ಎಂದು ಸಾರುತ್ತದೆ. ಕಂಪ್ಯೂಟರು ಇನ್ನಷ್ಟು ಪೆಟ್ರೋಲು ಸುರಿಯುತ್ತದೆ. ಸಂವೇದಕಕ್ಕಿಂತ ಮುಂಚೆ ಹೊಗೆಕೊಳವೆ ಬಿರುಕು ಬಿಟ್ಟಿದ್ದರೆ ಹೊರಗಿನ ಗಾಳಿ ಒಳನುಗ್ಗಿ ಇದೇ ಸುಳ್ಳನ್ನು ಹುಟ್ಟಿಸುತ್ತದೆ. ಎಂಜಿನ್ನಿಗೆ ಗಾಳಿ ಒಯ್ಯುವ ರಬ್ಬರು ಕೊಳವೆ ಸೀಳಿದ್ದರೆ ಫಲವೂ ಹೆಚ್ಚು ಕಡಮೆ ಅದೇ. ಈ ಯಾವ ಸಂದರ್ಭದಲ್ಲಿಯೂ ಹೊಸ ಸಂವೇದಕ ಹಾಕಿದರೆ ಅದು ಹಳೆಯದು ನುಡಿದುದನ್ನೇ ನುಡಿಯುತ್ತದೆ.

ಕಾಡು ಮೇಡು ತಿರುಗುವ ಗಾಡಿಗೆ ಇನ್ನೂ ಕೆಲವು ಕಂಟಕಗಳುಂಟು. 1985ರಲ್ಲಿ ಕಾರ್ಬುರೇಟರಿನೊಡನೆ ಬಂದು ಮುಂದೆ ಇಂಧನ ಸಿಂಚನದ ಎಂಜಿನ್ನು ಪಡೆದ ಮಾರುತಿ ಜಿಪ್ಸಿಯಂಥವನ್ನು ಇಲ್ಲಿ ನೆನೆಯಬಹುದು. ತೊಗರಿ ಹೊಲಗಳ ಎರೆಮಣ್ಣು ಮಳೆಗಾಲದಲ್ಲಿ ಗಾಡಿಯ ತಳಕ್ಕೆ ಮೆತ್ತಿಕೊಂಡು ಒಣಗಿ ಕಲ್ಲಾಗುವುದನ್ನು ಈ ಭಾಗದವರು ಬಲ್ಲರು. ಸಂವೇದಕವು ಹೊರಗಾಳಿಯನ್ನು ಉಸಿರಾಡುವ ದಾರಿ ಹೀಗೆ ಮುಚ್ಚಿದರೆ ಅಳತೆ ಕೆಡುತ್ತದೆ. ಕಾದ ಪಿಂಗಾಣಿಗೆ ಹಳ್ಳದ ತಣ್ಣೀರು ಬಡಿದರೆ ಅದು ಸೀಳಬಹುದು. ಚಿಂಚೋಳಿಯ ಕಾಡುದಾರಿಯಲ್ಲಿ ಮುಳ್ಳುಕಂಟಿ ತಂತಿಯನ್ನು ಕಿತ್ತಿರಬಹುದು. ಹಳೆಯ ಡೀಸೆಲ್ ಜೀಪುಗಳಲ್ಲಿಯಾದರೋ ಈ ಬಗೆಯ ಸಂವೇದಕವೇ ಇರುವುದಿಲ್ಲ. ಅವುಗಳ ಕಪ್ಪು ಹೊಗೆಗೆ ಕಾರಣವನ್ನು ಬೇರೆಡೆ ಹುಡುಕಬೇಕು.

ಈಚಿನ ವರ್ಷಗಳಲ್ಲಿ ಪೆಟ್ರೋಲೇ ಬದಲಾಗಿದೆ. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥನಾಲಿನ ಪ್ರಮಾಣ 2022ರಲ್ಲಿ ನೂರಕ್ಕೆ 10ನ್ನೂ 2025ರಲ್ಲಿ 20ನ್ನೂ ಮುಟ್ಟಿತು. ಎಥನಾಲಿನಲ್ಲಿಯೇ ಆಮ್ಲಜನಕವಿರುವುದರಿಂದ ಈ ಮಿಶ್ರಣಕ್ಕೆ ಬೇಕಾದ ಗಾಳಿ ಸುಮಾರು 13.5 ತೂಕಕ್ಕೆ ಇಳಿಯುತ್ತದೆ. ಸಂವೇದಕ ಸರಿಯಾಗಿದ್ದರೆ ಕಂಪ್ಯೂಟರು ಪೆಟ್ರೋಲನ್ನು ತುಸು ಹೆಚ್ಚಿಸಿ ಹೊಂದಿಸಿಕೊಳ್ಳುತ್ತದೆ. ಎಥನಾಲಿನ ಶಕ್ತಿ ಪೆಟ್ರೋಲಿಗಿಂತ ಮೂರನೆಯ ಒಂದು ಪಾಲು ಕಡಮೆಯಾದುದರಿಂದ, ಲೆಕ್ಕಕ್ಕೆ ಮಿಶ್ರಣದ ಪ್ರತಿ ಲೀಟರಿನಲ್ಲಿ ನೂರಕ್ಕೆ ಆರೇಳು ಪಾಲು ಶಕ್ತಿ ತಗ್ಗುತ್ತದೆ. ಅಷ್ಟರಮಟ್ಟಿನ ಮೈಲೇಜನ್ನು ಯಾವ ಹೊಸ ಸಂವೇದಕವೂ ಮರಳಿಸಲಾರದು. ಹಳೆಯ ಗಾಡಿಯ ರಬ್ಬರು ಕೊಳವೆಗಳು ಎಥನಾಲಿಗೆ ಮೆತ್ತಗಾಗಿ ಸೋರಿದರೆ ಅದೂ ಸಂವೇದಕದ ತಪ್ಪಲ್ಲ.

ಹಾಗಾದರೆ ಪರೀಕ್ಷಿಸುವ ಬಗೆ ಹೇಗೆ? ಎಂಜಿನ್ನು ಚೆನ್ನಾಗಿ ಕಾದ ಮೇಲೆ ಡಿಜಿಟಲ್ ಮಲ್ಟಿಮೀಟರನ್ನು ಸಂವೇದಕದ ಸಂಕೇತದ ತಂತಿಗೆ ಹಿಡಿದು, ನಿಮಿಷಕ್ಕೆ 2500 ಸುತ್ತಿನಲ್ಲಿ ಓಡಿಸಬೇಕು. ಅಂಕಿ 0.1ಕ್ಕೂ 0.9ಕ್ಕೂ ನಡುವೆ ಹತ್ತು ಸೆಕೆಂಡಿನಲ್ಲಿ ಹಲವು ಸಲ ಓಲಾಡಿದರೆ ಸಂವೇದಕ ಜೀವಂತವಾಗಿದೆ. ಒಂದೇ ಕಡೆ ನಿಂತಿದ್ದರೆ ಆಕ್ಸಿಲರೇಟರನ್ನು ಥಟ್ಟನೆ ಒತ್ತಿ ಬಿಡಬೇಕು. ಒತ್ತಿದಾಗ ಏರಿ, ಬಿಟ್ಟಾಗ ಸೊನ್ನೆಯ ಸಮೀಪಕ್ಕೆ ಬಿದ್ದರೆ ಸಾಕ್ಷಿ ಪ್ರಾಮಾಣಿಕನೆಂದೇ ಅರ್ಥ. ತಪ್ಪನ್ನು ಪ್ಲಗ್ಗು, ಇಂಜೆಕ್ಟರು, ಕೊಳವೆಗಳಲ್ಲಿ ಅರಸಬೇಕು. ಯಾವುದಕ್ಕೂ ಅಲುಗದಿದ್ದರೆ, ಸಂವೇದಕವನ್ನು ಕಾಯಿಸುವ ಹೀಟರಿನ ಫ್ಯೂಜನ್ನೂ ತಂತಿಯ ಜೋಡಣೆಯನ್ನೂ ನೋಡಿ, ಅವು ಸರಿಯಾಗಿದ್ದರೆ ಆಗ ಬದಲಿಸಬೇಕು.

“ಇಷ್ಟೆಲ್ಲ ಗೊಡವೆ ಏಕೆ? ಸ್ಕ್ಯಾನರೇ ಹೇಳುತ್ತದೆಯಲ್ಲ” ಎನ್ನುವವರುಂಟು. ಸ್ಕ್ಯಾನರಿನಲ್ಲಿ ಪಿ0171 ಎಂದು ಬಂದರೆ ಅದರ ಅರ್ಥ ಮಿಶ್ರಣದಲ್ಲಿ ಗಾಳಿ ಹೆಚ್ಚೆಂದು ಕಂಡಿತೆಂಬುದೇ ಹೊರತು ಸಂವೇದಕ ಸತ್ತಿತೆಂದಲ್ಲ. ಹಳೆಯ ಗಾಡಿಗಳಲ್ಲಿ ಎಷ್ಟೋ ಬಾರಿ ಅಂಥ ಸಂಕೇತವೂ ದೊರೆಯದು. “ಗಿರಾಕಿ ಕಾಯುವುದಿಲ್ಲ, ಹೊಸದು ಹಾಕಿ ನೋಡುವುದೇ ಬೇಗ” ಎಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದೆ. ಸಂವೇದಕಕ್ಕೂ ಮುಪ್ಪು ಬರುತ್ತದೆ. ಸುಮಾರು ಒಂದು ಲಕ್ಷ ಕಿಲೋಮೀಟರು ದಾಟಿದ್ದು ಮಂದವಾಗಿ ಮಿಡಿಯುತ್ತಿದ್ದರೆ ಬದಲಿಸಲು ಹಿಂಜರಿಯಬೇಕಾಗಿಲ್ಲ. ಆದರೆ ಹತ್ತು ನಿಮಿಷದ ಅಳತೆಯನ್ನು ಉಳಿಸಲು ಇನ್ನೊಬ್ಬರ ಹಣವನ್ನು ಪಣವಿಡುವುದು ನ್ಯಾಯವಲ್ಲ.

ಬದಲಿಸುವಲ್ಲಿಯೂ ವಿವೇಕ ಬೇಕು. ತುಕ್ಕು ಹಿಡಿದುದನ್ನು ಎಂಜಿನ್ನು ಬೆಚ್ಚಗಿರುವಾಗ, ತಂತಿ ತೂರಲು ಸೀಳಿರುವ ಸಾಕೆಟ್ಟಿನಿಂದ ಬಿಚ್ಚಬೇಕು. ಜಾರುಲೇಪವನ್ನು ಮರೆಗೆ ಮಾತ್ರ ಹಚ್ಚಬೇಕು, ಮೂತಿಗೆ ತಾಗಿಸಬಾರದು. ಸಿಲಿಕೋನ್ ಅಂಟಿನ ಆವಿ ಸಂವೇದಕಕ್ಕೆ ವಿಷ. ಹಲವು ಮಾದರಿಗಳು ತಂತಿಯ ಎಳೆಗಳ ಸಂದಿನಿಂದಲೇ ಹೊರಗಾಳಿಯನ್ನು ಸೆಳೆಯುವುದರಿಂದ ತಂತಿಗೆ ಬೆಸುಗೆ ಹಾಕುವುದೂ ಜೋಡಣೆಗೆ ಗ್ರೀಸು ತುಂಬುವುದೂ ಸಲ್ಲದು.

ಇದು ಹಣದ ಮಾತಷ್ಟೇ ಆಗಿದ್ದರೆ ಇಷ್ಟು ಬರೆಯಬೇಕಾಗಿರಲಿಲ್ಲ. ರೋಗದ ಮೂಲ ಉಳಿದ ಗಾಡಿಯು ಉರಿಯದ ಪೆಟ್ರೋಲನ್ನು ಶೋಧಕಕ್ಕೆ ತಳ್ಳುತ್ತದೆ. ಅಲ್ಲಿ ಉರಿದ ಪೆಟ್ರೋಲು ಶೋಧಕವನ್ನೇ ಕರಗಿಸಬಲ್ಲುದು. ಬೇಸತ್ತ ಮಾಲೀಕನು ಶೋಧಕವನ್ನೇ ಕತ್ತರಿಸಿ ಬರಿ ಕೊಳವೆ ಹಾಕಿಸಿದನೆಂದರೆ, ಬಣ್ಣವೂ ವಾಸನೆಯೂ ಇಲ್ಲದ ಮಾನಾಕ್ಸೈಡು ಬೀದಿಗೆ ಹರಿಯುತ್ತದೆ. ಕಲ್ಲಿನ ಗಣಿ, ಲಾರಿ, ಕುಲುಮೆಗಳ ನಡುವೆ ಮೊದಲೇ ಧೂಳನ್ನು ಸೇವಿಸುತ್ತಿರುವ ಜನರ ಶ್ವಾಸಕೋಶಕ್ಕೆ ಇದೊಂದು ಹೆಚ್ಚಿನ ಹೊರೆ.

ನಾವು ಕೇಳುವುದು ದೊಡ್ಡದಲ್ಲ. ಐಟಿಐಗಳ ಮೋಟಾರು ವಿಭಾಗದಲ್ಲಿ ಸ್ಪ್ಯಾನರಿನಷ್ಟೇ ಸಲೀಸಾಗಿ ಮಲ್ಟಿಮೀಟರನ್ನು ಹಿಡಿಯಲು ಕಲಿಸಬೇಕು. ಬಿಡಿಭಾಗ ಬದಲಿಸಿದ ಬಿಲ್ಲಿನಲ್ಲಿ, ಬದಲಿಸುವ ಮುನ್ನ ಕಂಡ ವೋಲ್ಟಿನ ಅಂಕಿಯನ್ನೂ ಬರೆಯುವ ಪದ್ಧತಿ ಬರಬೇಕು. ಗಿರಾಕಿಯೂ “ಬೆಲೆ ಎಷ್ಟು?” ಎನ್ನುವ ಮೊದಲು “ಅಳತೆ ಎಷ್ಟು ಬಂತು?” ಎಂದು ಕೇಳಬೇಕು. ಕಾರ್ಖಾನೆಯ ಬೇಲಿಯೊಳಗೆ ದಿನನಿತ್ಯದ ಶಿಸ್ತಾಗಿರುವುದು ಬೇಲಿಯಾಚೆಯ ಗ್ಯಾರೇಜಿಗೆ ನಿಲುಕದ ವಿದ್ಯೆಯೇನಲ್ಲ. ಕೆಲವು ನೂರು ರೂಪಾಯಿಯ ಮೀಟರೊಂದು, ಹತ್ತು ನಿಮಿಷದ ತಾಳ್ಮೆ, ಇಷ್ಟಿದ್ದರೆ ಸಾಕು.