ವಕೀಲರ ತಪ್ಪಿಗೆ ಕಕ್ಷಿದಾರ ಯಾಕೆ ದಂಡ ಕಟ್ಟಬೇಕು?



ನಮ್ಮ ಬ್ಯಾರಿ ಮನೆಗಳಲ್ಲಿ ಕೋರ್ಟು ಎಂದರೆ ಕಡೆಯ ಮಾತು. ಜಗಳವನ್ನು ಮೊದಲು ಮನೆಯಲ್ಲಿ, ಆಮೇಲೆ ಜಮಾಅತ್‌ನಲ್ಲಿ ಕೂತು ಮುಗಿಸಲು ನೋಡುತ್ತೇವೆ. ಅಲ್ಲಿ ಮುಗಿಯದ್ದು ಮಾತ್ರ ವಕೀಲರ ಕಚೇರಿಯ ಮೆಟ್ಟಿಲು ಹತ್ತುತ್ತದೆ. ಹತ್ತಿದ ಮೇಲೆ ಕಣ್ಣು ಮುಚ್ಚಿ ನಂಬುತ್ತೇವೆ. ಆ ನಂಬಿಕೆಗೆ ಏನು ಭದ್ರತೆ ಇದೆ ಎಂದು ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ನಾನು ಹದಿನಾರು ವರ್ಷದಿಂದ ಮಹಾರಾಷ್ಟ್ರದ ಇಚಲಕರಂಜಿಯಲ್ಲಿದ್ದೇನೆ. ಇಲ್ಲಿನ ಪವರ್‌ಲೂಮುಗಳಿಂದ ಲುಂಗಿ ಬಟ್ಟೆ ಖರೀದಿಸಿ ಮಂಗಳೂರಿನ ಬಂದರಿನ ಅಂಗಡಿಗಳಿಗೆ ಕಳಿಸುವುದು ನನ್ನ ಕೆಲಸ. ಕೆಲವು ವರ್ಷದ ಹಿಂದೆ ಒಬ್ಬ ಲೂಮಿನ ಮಾಲಕನಿಗೆ 4,80,000 ರೂಪಾಯಿ ಮುಂಗಡ ಕೊಟ್ಟೆ. ಅದರಲ್ಲಿ ಅರ್ಧ ನನ್ನದಲ್ಲ, ತಂಗಿಯ ಗಂಡ ಗಲ್ಫಿನಲ್ಲಿ ದುಡಿದು ವ್ಯಾಪಾರಕ್ಕೆಂದು ನನ್ನ ಕೈಗೆ ಕೊಟ್ಟ ಹಣ. ಬಟ್ಟೆ ಬರಲಿಲ್ಲ. ಹಣ ವಾಪಸು ಎಂದು ಅವನು ಕೊಟ್ಟ ಚೆಕ್ಕು ಬೌನ್ಸ್ ಆಯಿತು.

ನಾಲ್ಕನೆಯ ದಿನವೇ ಚೆಕ್ಕನ್ನೂ ಬ್ಯಾಂಕಿನ ಮೆಮೋವನ್ನೂ ವಕೀಲರ ಕೈಗೆ ಕೊಟ್ಟೆ. ಅವರು ಕೆಟ್ಟ ಮನುಷ್ಯ ಅಲ್ಲ ಎಂದು ಮೊದಲೇ ಹೇಳುತ್ತೇನೆ. ಕೇಳಿದಾಗಲೆಲ್ಲ "ಹೋಯೀಲ್ ಶೇಟ್, ಕಾಳಜೀ ಕರೂ ನಕಾ" ಎನ್ನುತ್ತಿದ್ದರು. ಆಗುತ್ತದೆ, ಚಿಂತೆ ಬೇಡ ಎಂದು. ನಾಲ್ಕನೆಯ ತಿಂಗಳು ನೋಟಿಸಿನ ಅಂಚೆ ರಸೀದಿ ಕೇಳಿದಾಗ ಗೊತ್ತಾಯಿತು, ನೋಟಿಸು ಹೋಗಿಯೇ ಇಲ್ಲ. ಜೂನಿಯರ್ ಕೆಲಸ ಬಿಟ್ಟಿದ್ದ, ಫೈಲು ಅವನ ಮೇಜಿನಲ್ಲೇ ಉಳಿದಿತ್ತು.

ಚೆಕ್ ಬೌನ್ಸಿನ 138ನೆಯ ಕಲಂ ಕಟ್ಟುನಿಟ್ಟಾದದ್ದು. ಬ್ಯಾಂಕಿನಿಂದ ಸುದ್ದಿ ಬಂದ 30 ದಿನದೊಳಗೆ ನೋಟಿಸು ಕೊಡಬೇಕು. ನೋಟಿಸು ಮುಟ್ಟಿದ 15 ದಿನದಲ್ಲಿ ಹಣ ಬಾರದಿದ್ದರೆ ಮತ್ತೆ ಒಂದು ತಿಂಗಳೊಳಗೆ ದೂರು ಹಾಕಬೇಕು. ದೂರು ತಡವಾದರೆ ಸರಿಯಾದ ಕಾರಣ ತೋರಿಸಿ ಕ್ಷಮೆ ಕೇಳಬಹುದು. ನೋಟಿಸು ತಡವಾದರೆ ಅದೂ ಇಲ್ಲ. ಚೆಕ್ಕನ್ನು ಮತ್ತೊಮ್ಮೆ ಬ್ಯಾಂಕಿಗೆ ಹಾಕೋಣವೆಂದರೆ ಅದರ ಆಯುಸ್ಸು ಮೂರೇ ತಿಂಗಳು, ಅದೂ ಮುಗಿದಿತ್ತು. ಉಳಿದದ್ದು ಸಿವಿಲ್ ದಾವೆ. ಬೇರೆ ವಕೀಲರನ್ನು ಹಿಡಿದು, ಕೋರ್ಟು ಶುಲ್ಕ ಕಟ್ಟಿ ಅದನ್ನೂ ಹಾಕಿದೆ. ಡಿಕ್ರಿ ಬರುವಾಗ ಮಾಲಕ ಲೂಮುಗಳನ್ನು ಗುಜರಿಗೆ ಮಾರಿ ಊರು ಬಿಟ್ಟಿದ್ದ. ಮೊದಲ ವಕೀಲರು ಬೇಸರದಿಂದಲೇ ಫೀಸು ಹಿಂದೆ ಕೊಟ್ಟರು. 6,000 ರೂಪಾಯಿ.

ಇನ್ನು ಯಾರನ್ನು ಕೇಳುವುದು? ನಾಲ್ಕು ಬಾಗಿಲು ಇದೆ ಎಂದರು. ಒಂದೊಂದನ್ನೂ ತಟ್ಟಿ ನೋಡಿದೆ.

ಮೊದಲನೆಯದು ಗ್ರಾಹಕ ನ್ಯಾಯಾಲಯ. ವಕೀಲರ ಸೇವೆಯಲ್ಲಿ ಲೋಪವಾದರೆ ಅಲ್ಲಿಗೆ ಹೋಗಬಹುದೆಂದು 2007ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗ ಹೇಳಿತ್ತು. 2024ರ ಮೇ 14ರಂದು ಸುಪ್ರೀಂ ಕೋರ್ಟು ಆ ಬಾಗಿಲು ಮುಚ್ಚಿತು. ವಕೀಲರ ಮೇಲೆ ಕಕ್ಷಿದಾರನಿಗೇ ನೇರ ನಿಯಂತ್ರಣ ಇರುತ್ತದೆ, ಹಾಗಾಗಿ ಅದು ಗ್ರಾಹಕ ಕಾಯ್ದೆಯ ಸೇವೆಯಲ್ಲ ಎಂಬುದು ತೀರ್ಪಿನ ಒಂದು ಮುಖ್ಯ ಕಾರಣ. ಫೋನು ಎತ್ತದ ವಕೀಲರ ಮೇಲೆ ನನಗೆ ನಿಯಂತ್ರಣ ಇತ್ತು ಎಂದು ನನಗೆ ತಿಳಿದದ್ದು ಆವತ್ತೇ!

ಎರಡನೆಯದು ಬಾರ್ ಕೌನ್ಸಿಲ್. 1961ರ ವಕೀಲರ ಕಾಯ್ದೆಯ 35ನೆಯ ಕಲಂ ಪ್ರಕಾರ ಅದು ವಕೀಲರಿಗೆ ಛೀಮಾರಿ ಹಾಕಬಹುದು, ಅಮಾನತು ಮಾಡಬಹುದು, ಪಟ್ಟಿಯಿಂದಲೇ ಹೆಸರು ತೆಗೆಯಬಹುದು. ಕಳೆದುಹೋದ ಹಣ ಕೊಡಿಸುವುದಿಲ್ಲ. ಅದೂ ವೃತ್ತಿ ದುರ್ನಡತೆ ಸಾಬೀತಾದರೆ ಮಾತ್ರ. ದುರುದ್ದೇಶವಿಲ್ಲದ ಬರೀ ಅಲಕ್ಷ್ಯ ದುರ್ನಡತೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟು 1997ರಲ್ಲೇ ಹೇಳಿದೆ.

ಮೂರನೆಯದು ಕೋರ್ಟಿನ ದಯೆ. ಇದಕ್ಕೆ ಗಡಹಿಂಗ್ಲಜದ ಉದಾಹರಣೆ ಕೊಡುತ್ತೇನೆ. ಅಲ್ಲಿನ ಸಂತೆಗೆ ಮೆಣಸಿನಕಾಯಿ ತರುವ ಒಂದು ಕನ್ನಡದ ರೈತ ಕುಟುಂಬ ನನಗೆ ಪರಿಚಯ. ಮನೆಯಲ್ಲಿ ಕನ್ನಡ, ಕೋರ್ಟಿನ ಕಾಗದ ಮರಾಠಿ. ಜಮೀನಿನ ದಾವೆ ಸೋತದ್ದು ಅವರಿಗೆ ತಿಳಿದದ್ದು ಎದುರಿನವರು ಬೇಲಿ ಹಾಕಲು ಬಂದಾಗ. ಜಿಲ್ಲಾ ನ್ಯಾಯಾಲಯಕ್ಕೆ ಅಪೀಲು ಹಾಕುವ 30 ದಿನ ಯಾವಾಗಲೋ ಕಳೆದಿತ್ತು. ವಕೀಲರ ತಪ್ಪಿಗೆ ನಿರಪರಾಧಿ ಕಕ್ಷಿದಾರ ನರಳಬಾರದೆಂದು 1981ರ ರಫೀಕ್ ವಿರುದ್ಧ ಮುನ್ಷಿಲಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತ್ತು. ಆದರೆ ಎಲ್ಲದಕ್ಕೂ ವಕೀಲರನ್ನೇ ದೂರಿ ತಪ್ಪಿಸಿಕೊಳ್ಳುವ ಹಾಗಿಲ್ಲ ಎಂದೂ ಆಮೇಲಿನ ತೀರ್ಪುಗಳು ಹೇಳಿವೆ. ಒಬ್ಬರಿಗೆ ಸಿಗುವ ದಯೆ ಇನ್ನೊಬ್ಬರಿಗೆ ಸಿಗುವುದಿಲ್ಲ. ಆ ಕುಟುಂಬಕ್ಕೆ ಸಿಗಲಿಲ್ಲ.

ನಾಲ್ಕನೆಯದು ವಕೀಲರ ಮೇಲೆಯೇ ಸಿವಿಲ್ ದಾವೆ. ಇದು ನಿಜವಾಗಿ ತೆರೆದ ಬಾಗಿಲು. ವಕೀಲ ಎಂಬ ಒಂದೇ ಕಾರಣಕ್ಕೆ ಅಲಕ್ಷ್ಯದ ಹೊಣೆಯಿಂದ ಯಾರೂ ತಪ್ಪಿಸಿಕೊಳ್ಳುವಂತಿಲ್ಲ ಎಂದು 1926ರ ವಕೀಲರ ಶುಲ್ಕ ಕಾಯ್ದೆಯ 5ನೆಯ ಕಲಂ ಹೇಳುತ್ತದೆ. ಆದರೆ ಅದೇ ಬಾರಿನ ಇನ್ನೊಬ್ಬ ವಕೀಲ ಈ ದಾವೆ ಹಿಡಿಯಬೇಕು. ಸಾಕ್ಷಿ ಮುಗಿಯಲು ವರ್ಷಗಳು ಬೇಕು. ಗೆದ್ದರೂ, ತಿಂಗಳ ಬಾಡಿಗೆಗೇ ಕಷ್ಟಪಡುವ ವಕೀಲರಿಂದ ಲಕ್ಷಗಟ್ಟಲೆ ಎಲ್ಲಿಂದ ವಸೂಲು ಮಾಡುವುದು? ಹಕ್ಕು ಪುಸ್ತಕದಲ್ಲಿದೆ, ಹಣ ಯಾರ ಕಿಸೆಯಲ್ಲೂ ಇಲ್ಲ.

ಆ ಹಣವನ್ನು ಮೊದಲೇ ಕೂಡಿಸಿಡುವ ವ್ಯವಸ್ಥೆಯ ಹೆಸರೇ ವೃತ್ತಿ ಹೊಣೆ ವಿಮೆ, ಇನ್ಶೂರೆನ್ಸಿನವರ ಭಾಷೆಯಲ್ಲಿ ಪ್ರೊಫೆಷನಲ್ ಇಂಡೆಮ್ನಿಟಿ ಪಾಲಿಸಿ. ನಮ್ಮ ದೇಶದ ಜನರಲ್ ಇನ್ಶೂರೆನ್ಸ್ ಕಂಪೆನಿಗಳು ಇದನ್ನು ವಕೀಲರಿಗೂ ಮಾರುತ್ತವೆ. ತಪ್ಪಿನಿಂದ ಕಕ್ಷಿದಾರನಿಗೆ ನಷ್ಟವಾದರೆ, ಪಾಲಿಸಿಯ ಮಿತಿಯೊಳಗೆ ಪರಿಹಾರವನ್ನೂ ವಕೀಲರ ವಾದದ ಖರ್ಚನ್ನೂ ಕಂಪೆನಿ ಕೊಡುತ್ತದೆ. ಕಕ್ಷಿದಾರ ಪರಿಹಾರ ಕೇಳುವ ದಿನ ಪಾಲಿಸಿ ಚಾಲ್ತಿಯಲ್ಲಿರಬೇಕು, ಹಾಗಾಗಿ ಬಿಡದೆ ನವೀಕರಿಸಬೇಕು. ಮೋಸ, ಹಣ ನುಂಗಿದ್ದು ಇದಕ್ಕೆ ಸೇರುವುದಿಲ್ಲ. ಇಂಗ್ಲೆಂಡಿನಲ್ಲಿ ಸಾಲಿಸಿಟರುಗಳ ಸಂಸ್ಥೆ ಕನಿಷ್ಠ 20 ಲಕ್ಷ ಪೌಂಡಿನ ಇಂಥ ವಿಮೆ ಇಲ್ಲದೆ ಬಾಗಿಲು ತೆರೆಯುವಂತಿಲ್ಲ. ನಮ್ಮಲ್ಲಿ ಇದು ವಕೀಲರ ಇಷ್ಟಕ್ಕೆ ಬಿಟ್ಟದ್ದು.

ಇಲ್ಲೇ ನನ್ನ ಸಿಟ್ಟು. ವಕಾಲತ್ನಾಮೆಗೆ ಹಚ್ಚುವ ವೆಲ್ಫೇರ್ ಸ್ಟ್ಯಾಂಪು ನೋಡಿದ್ದೀರಲ್ಲ? ಅದು ವಕೀಲರ ಕ್ಷೇಮನಿಧಿಗೆ ಹೋಗುತ್ತದೆ. ವಕೀಲರು ತೀರಿಕೊಂಡರೆ ಅವರ ಮನೆಯವರಿಗೆ ಆಸರೆ ಆಗುತ್ತದೆ. ಒಳ್ಳೆಯದೇ, ಆಗಲಿ. ಆದರೆ ಅದೇ ಕಾಗದಕ್ಕೆ ಸಹಿ ಹಾಕಿದ ಕಕ್ಷಿದಾರನ ಮನೆ ವಕೀಲರ ತಪ್ಪಿನಿಂದ ಮುಳುಗಿದರೆ ಅವನಿಗಾಗಿ ಒಂದು ರೂಪಾಯಿಯ ನಿಧಿಯೂ ಇಲ್ಲ. ಗೂಡ್ಸ್ ರಿಕ್ಷಾ ಓಡಿಸುವ ನಮ್ಮ ಹುಡುಗ ಥರ್ಡ್ ಪಾರ್ಟಿ ವಿಮೆ ಇಲ್ಲದೆ ರಸ್ತೆಗೆ ಇಳಿಯುವಂತಿಲ್ಲ. ಅವನ ಕೈಯಲ್ಲಿರುವುದು ಒಂದು ಸ್ಟೇರಿಂಗು. ವಕೀಲರ ಕೈಯಲ್ಲಿ ನೂರು ಮನೆಗಳ ಜಮೀನು, ಮದುವೆ, ಬದುಕು ಇರುತ್ತದೆ.

ವಿರೋಧಿಸುವವರ ಮಾತೂ ಕೇಳಿದ್ದೇನೆ. ಸೋತವರೆಲ್ಲ ವಕೀಲರ ಮೇಲೆ ಕೇಸು ಹಾಕುತ್ತಾರೆ ಎನ್ನುತ್ತಾರೆ. ಸೋಲು ಅಲಕ್ಷ್ಯ ಅಲ್ಲ, ನನಗೂ ಗೊತ್ತು. ಚೆನ್ನಾಗಿ ವಾದ ಮಾಡಿ ಸೋತವರ ಬಗ್ಗೆ ನನ್ನ ತಕರಾರಿಲ್ಲ. ಕಾಯ್ದೆಯಲ್ಲಿ ಬರೆದಿಟ್ಟ ದಿನ ತಪ್ಪಿಸುವುದು ವಾದದ ವಿಷಯವೇ ಅಲ್ಲ, ಕ್ಯಾಲೆಂಡರಿನ ವಿಷಯ. ನೋಟಿಸು ಹೋಗಿದ್ದರೆ ನನ್ನ ಹಣ ಬಂದೇ ಬರುತ್ತಿತ್ತು ಎಂದೂ ನಾನು ಹೇಳುವುದಿಲ್ಲ. ಕೇಳುವ ಬಲವಾದ ದಾರಿ ಒಂದಿತ್ತು, ಅದು ಹೋಯಿತು. ಜೂನಿಯರುಗಳಿಗೆ ಪ್ರೀಮಿಯಂ ಭಾರ ಎನ್ನುತ್ತಾರೆ. ಅದು ನಿಜ. ಅದಕ್ಕೇ ಬಾರ್ ಅಸೋಸಿಯೇಷನ್ ಮೂಲಕ ಗುಂಪು ಪಾಲಿಸಿ ಮಾಡಿಸಲಿ. ಸನ್ನದಿನ ಜೊತೆಗೇ ಅದು ಕಡ್ಡಾಯವಾಗಲಿ.

ವಿಮೆಯ ಬಗ್ಗೆ ಧಾರ್ಮಿಕ ಸಂಶಯ ಇರುವವರೂ ನಮ್ಮಲ್ಲಿದ್ದಾರೆ. ಅದನ್ನು ಉಸ್ತಾದರಿಗೆ ಬಿಡುತ್ತೇನೆ. ಅವರು ಬೇರೆ ದಾರಿ ತೋರಿಸಿದರೆ ಆ ದಾರಿಯಲ್ಲೇ ನಿಧಿ ಕಟ್ಟಲಿ. ಒಬ್ಬರ ಅಮಾನತ್ ಕೈಯಲ್ಲಿ ಹಿಡಿದವನು ಅದಕ್ಕೆ ಜವಾಬು ಕೊಡಬೇಕು ಎಂಬುದರಲ್ಲಿ ಯಾರಿಗೂ ಸಂಶಯ ಇಲ್ಲವಲ್ಲ.

2025ರ ಆಗಸ್ಟ್ 18ರಿಂದ ಕೊಲ್ಹಾಪುರದಲ್ಲೇ ಬಾಂಬೆ ಹೈಕೋರ್ಟಿನ ಸರ್ಕ್ಯೂಟ್ ಪೀಠ ಕೆಲಸ ಮಾಡುತ್ತಿದೆ. ನಮ್ಮ ಊರಿನವರು ಮುಂಬಯಿಗೆ ಓಡಬೇಕಿಲ್ಲ, ಸಂತೋಷ. ಕೋರ್ಟು ಹತ್ತಿರ ಬಂದಷ್ಟೂ ಕೇಸುಗಳು ಹೆಚ್ಚುತ್ತವೆ, ವಕೀಲರ ಮೇಜಿನ ಫೈಲುಗಳೂ ಹೆಚ್ಚುತ್ತವೆ. ತಪ್ಪುಗಳು ಮಾತ್ರ ಹೆಚ್ಚುವುದಿಲ್ಲ ಎಂದು ನಂಬುವುದು ಹೇಗೆ?

ಕಡೆಗೆ ನಮ್ಮದೇ ಮನೆಗಳಿಗೆ ಒಂದು ಮಾತು. ಕರಿಕೋಟು ಹಾಕುವ ಬ್ಯಾರಿ ಮಕ್ಕಳು ಈಗ ಮಂಗಳೂರಿನಲ್ಲೂ ಬೆಂಗಳೂರಿನಲ್ಲೂ ಇದ್ದಾರೆ. ಮೋನೆ, ಕಾಯ್ದೆ ಬರುವ ತನಕ ಕಾಯಬೇಡ. ಪಾಲಿಸಿ ಮಾಡಿಸಿ ಅದರ ಪ್ರತಿಯನ್ನು ನಿನ್ನ ಕಚೇರಿಯ ಗೋಡೆಗೆ ಹಾಕು, ಸನ್ನದಿನ ಪಕ್ಕದಲ್ಲೇ. ಕಕ್ಷಿದಾರರಾಗಿ ಹೋಗುವ ನಾವು ಮೂರು ಪ್ರಶ್ನೆ ಕೇಳೋಣ: ನನ್ನ ಕೇಸಿನ ಕಡೆಯ ದಿನ ಯಾವುದು, ಅದನ್ನು ಬರೆದು ಕೊಡುತ್ತೀರಾ, ನಿಮ್ಮ ಹತ್ತಿರ ಇಂಡೆಮ್ನಿಟಿ ಪಾಲಿಸಿ ಇದೆಯಾ? ಕೇಳಲು ನಾಚಿಕೆ ಆಗುತ್ತದೆ. ನನಗೂ ಆಗಿತ್ತು. ಆ ನಾಚಿಕೆಯಿಂದಾಗಿ ತಂಗಿಯ ಗಂಡನ 2,40,000 ರೂಪಾಯಿಯನ್ನು ಇವತ್ತಿಗೂ ಕಂತಿನಲ್ಲಿ ತೀರಿಸುತ್ತಿದ್ದೇನೆ.