ಮೊಣಕಾಲು ನೋವಿನವರಿಗೆ ಅರ್ಧಬಲದ ವ್ಯಾಯಾಮ

2025ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ, ಸುಮಾರು 40 ದಿನಗಳ ಅವಧಿಯಲ್ಲಿ, ನಮ್ಮ ಹಾಸನ ಜಿಲ್ಲೆಯ 20ಕ್ಕೂ ಹೆಚ್ಚು ಮಂದಿ ಹೃದಯಾಘಾತದಿಂದ ತೀರಿಕೊಂಡರೆಂಬ ವರದಿಗಳು ಬಂದವು. ಆಗ ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಜನರು ತಪಾಸಣೆಗಾಗಿ ಸಾಲುಗಟ್ಟಿ ನಿಂತದ್ದನ್ನು ಸದ್ಭಕ್ತರು ಮರೆತಿರಲಾರರು. ಸಾವಿನ ಪ್ರಮಾಣದಲ್ಲಿ ಅಸಹಜ ಏರಿಕೆ ಇಲ್ಲವೆಂದು ಸರ್ಕಾರದ ತಜ್ಞರ ಸಮಿತಿಯು ಬಳಿಕ ತಿಳಿಸಿತು. ಆದರೂ ದೇಹದ ತೂಕ ಇಳಿಸಬೇಕೆಂಬ ಎಚ್ಚರವು ಅನೇಕರಲ್ಲಿ ಮೂಡಿತು. ಅದು ಸ್ವಾಗತಾರ್ಹವೇ. ಆದರೆ ಹಳೆಯ ಮೊಣಕಾಲು ನೋವಿರುವವರು ಭಯದಿಂದ ವ್ಯಾಯಾಮಕ್ಕೆ ಇಳಿಯುವುದು ಬೇರೆಯೇ ಮಾತು.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಕಡೆಯಿಂದ ನಮ್ಮಲ್ಲಿಗೆ ಬರುವ ಸಂಧಿವಾತದ ರೋಗಿಗಳಲ್ಲಿ ಎರಡು ಬಗೆಯವರನ್ನು ಕಾಣುತ್ತೇವೆ. ಒಬ್ಬರು ನೋವನ್ನು ನುಂಗಿಕೊಂಡು ಮೊದಲ ದಿನವೇ ಒಂದು ಗಂಟೆ ಬಿರುಸಾಗಿ ನಡೆದು, ವಾರದೊಳಗೆ ಮಂಚ ಹಿಡಿಯುತ್ತಾರೆ. ಇನ್ನೊಬ್ಬರು ಕಾಲೇ ಏಳದಿರುವಾಗ ತೂಕ ಇಳಿಯುವುದೆಂತು ಎಂದು ಕೈಚೆಲ್ಲುತ್ತಾರೆ. ನಡೆದರೆ ಮಾತ್ರ ತೂಕ ಇಳಿಯುತ್ತದೆಂಬ ಒಂದೇ ನಂಬಿಕೆ ಇಬ್ಬರಿಗೂ ಮೂಲ. ಆ ನಂಬಿಕೆ ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ.

ಮೊಣಕಾಲು ಸವೆತವಿದ್ದ 454 ಸ್ಥೂಲದೇಹಿಗಳನ್ನು ಅಮೆರಿಕದಲ್ಲಿ 18 ತಿಂಗಳು ಗಮನಿಸಿ, 2013ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಯಾಮವನ್ನು ಮಾತ್ರ ಮಾಡಿದವರು ಸರಾಸರಿ 2 ಕಿಲೋದಷ್ಟೂ ಇಳಿಯಲಿಲ್ಲ. ಆಹಾರವನ್ನು ಮಾತ್ರ ತಗ್ಗಿಸಿದವರು ಸುಮಾರು 9 ಕಿಲೋ ಇಳಿದರು. ಎರಡನ್ನೂ ಪಾಲಿಸಿದವರು 10 ಕಿಲೋಗೂ ಹೆಚ್ಚು ಇಳಿದರು. ನೋವು ಹೆಚ್ಚು ಶಮನವಾದದ್ದೂ ಅವರಿಗೇ. ದೇಹದ ತೂಕ 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಮೇಲಿನ ಭಾರ ಸುಮಾರು 4 ಕಿಲೋ ತಗ್ಗುತ್ತದೆಂದು 2005ರ ಮತ್ತೊಂದು ಅಧ್ಯಯನ ತೋರಿಸಿದೆ.

ಅಂದರೆ ತೂಕವನ್ನು ಇಳಿಸುವ ಹೊಣೆ ಮುಖ್ಯವಾಗಿ ತಟ್ಟೆಯದು. ಸ್ಥೂಲರಿಗೆ ಹೊಟ್ಟೆ ತುಂಬಿಸುವ, ಆದರೆ ಮೈ ಬೆಳೆಸದ ಆಹಾರವೇ ಹಿತವೆಂದು ಚರಕಾಚಾರ್ಯರು ವಿಧಿಸಿದ್ದಾರೆ. ನಮ್ಮ ಸೀಮೆಯಲ್ಲಿ ಅದಕ್ಕೆ ಕೊರತೆಯಿಲ್ಲ. ಎರಡು ಮುದ್ದೆಯ ಜಾಗದಲ್ಲಿ ಒಂದು ಮುದ್ದೆ, ಹುರುಳಿಕಾಳಿನ ಸಾರು, ತಟ್ಟೆಯ ಅರ್ಧದಷ್ಟು ಸೊಪ್ಪು ತರಕಾರಿಯ ಪಲ್ಯ, ನೀರುಮಜ್ಜಿಗೆ ಇದ್ದರೆ ಸಾಕು. ದಾಸೋಹದ ಪಂಕ್ತಿಯಲ್ಲಿ ಪಾಯಸವನ್ನು ಪ್ರಸಾದದಷ್ಟೇ ನೀಡಿಸಿಕೊಂಡರೆ ಭಕ್ತಿಗೆ ಊನವಾಗದು.

ಹಾಗಾದರೆ ವ್ಯಾಯಾಮವೇಕೆ? ತೊಡೆಯ ಸ್ನಾಯು ಬಲವಾದಷ್ಟೂ ಕೀಲಿಗೆ ಆಸರೆ ಹೆಚ್ಚುತ್ತದೆ. ಹೃದಯಕ್ಕೂ ಸಕ್ಕರೆಯ ಹತೋಟಿಗೂ ಅದು ಬೇಕು. ತನ್ನ ಬಲದ ಅರ್ಧದಷ್ಟೇ ವ್ಯಾಯಾಮ ಮಾಡಬೇಕೆಂಬುದು ಸುಶ್ರುತರ ಮತ. ಹಣೆಯಲ್ಲಿ ಬೆವರು ಮೂಡಿ, ಬಾಯಿ ಒಣಗಿ, ಬಾಯಿಯಿಂದ ಉಸಿರಾಡುವಂತಾದರೆ ಅಲ್ಲಿಗೆ ನಿಲ್ಲಿಸಬೇಕು. ಕುರ್ಚಿಯ ಮೇಲೆ ಕುಳಿತು ಒಂದು ಕಾಲನ್ನು ನೇರಕ್ಕೆ ಚಾಚಿ, ತೊಡೆಯನ್ನು ಬಿಗಿದು, ಐದು ಎಣಿಸಿ ಇಳಿಸಿರಿ. ಪ್ರತಿ ಕಾಲಿಗೆ ಹತ್ತು ಸಲದಂತೆ ಬೆಳಿಗ್ಗೆ ಸಂಜೆ ಮಾಡಿರಿ. ಸಮನೆಲದಲ್ಲಿ ಹತ್ತು ಹತ್ತು ನಿಮಿಷದಂತೆ ದಿನಕ್ಕೆ ಮೂರು ಸಲ ನಡೆಯಿರಿ. ಮರುದಿನ ಬೆಳಿಗ್ಗೆ ನೋವು ಹೆಚ್ಚಿದ್ದರೆ ಅರ್ಧಕ್ಕೆ ಇಳಿಸಿರಿ. ಶ್ರವಣಬೆಳಗೊಳದ ಬೆಟ್ಟವನ್ನು ದರ್ಶನಕ್ಕಾಗಿ ಹತ್ತಿರಿ, ತೂಕ ಇಳಿಸಲು ಹತ್ತಬೇಡಿರಿ. ಮೆಟ್ಟಿಲು ಇಳಿಯುವಾಗಲೇ ಮೊಣಕಾಲಿಗೆ ಹೆಚ್ಚು ಪೆಟ್ಟು.

ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮವೇಕೆಂದು ಅರಕಲಗೂಡು ಕಡೆಯ ತಾಯಂದಿರು ಕೇಳುವುದುಂಟು. ಕಾಯಕ ದೊಡ್ಡದು, ನಿಜ. ಆದರೆ ಶುಂಠಿ, ತಂಬಾಕಿನ ಸಾಲುಗಳಲ್ಲಿ ಕುಕ್ಕರುಗಾಲಿನಲ್ಲಿ ಗಂಟೆಗಟ್ಟಲೆ ಕೂರುವುದು ಕೀಲನ್ನು ಸವೆಸುತ್ತದೆ. ಅವರಿಗೇ ಕುರ್ಚಿಯ ವ್ಯಾಯಾಮ ಹೆಚ್ಚು ಅಗತ್ಯ. ಕೆಲಸದ ನಡುನಡುವೆ ಎದ್ದು ಕಾಲು ನೀಡುವುದೂ ಅಗತ್ಯ.

ಕೆಲವು ಎಚ್ಚರಿಕೆಗಳುಂಟು. ಮೊಣಕಾಲು ಕೆಂಪಾಗಿ ಊದಿಕೊಂಡಿದ್ದರೆ ವೈದ್ಯರಿಗೆ ತೋರಿಸದೆ ವ್ಯಾಯಾಮ ಕೂಡದು. ತೂಕ ಇಳಿಯಿತೆಂದು ಸಕ್ಕರೆ ಅಥವಾ ರಕ್ತದೊತ್ತಡದ ಮಾತ್ರೆಗಳನ್ನು ತಾವಾಗಿಯೇ ನಿಲ್ಲಿಸಬಾರದು. ನಡೆಯುವಾಗ ಎದೆ ಹಿಂಡಿದಂತಾಗಿ, ತಣ್ಣನೆಯ ಬೆವರು ಬಂದರೆ, ಅದು ವಾಯುವೆಂದು ಕಷಾಯ ಕಾಯಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು. ಆಯುರ್ವೇದ ವೈದ್ಯರಾದ ನಾವೇ ಇದನ್ನು ಹೇಳುತ್ತಿದ್ದೇವೆ.

ಮೂರು ತಿಂಗಳಲ್ಲಿ 3 ಕಿಲೋ ಇಳಿದರೂ ಸಾಕು. ಪ್ರತಿ ಹೆಜ್ಜೆಗೆ 12 ಕಿಲೋ ಭಾರ ಕಳೆದಂತೆ. ಅಷ್ಟಕ್ಕೆ ಭಯ ಬೇಡ, ನಿತ್ಯದ ನೇಮವಿದ್ದರಾಯಿತು.