ಬೈಯ್ಯೋ ವಿಮರ್ಶಕರು ನಮಗೆ ಬೇಕು
ಅಮ್ಮಿನಬಾವಿಯ ನಾವು ನಾಲ್ವರು ಹತ್ತು ವರ್ಷದಿಂದ ಗೇಮ್ ಆಡ್ತಾ ಬಂದವರು. ವಯಸ್ಸು ಹತ್ತೊಂಬತ್ತಾದ್ರೂ ಈ ವಿಷಯದಾಗ ನಾವು ಮುದುಕರೇ! ‘ಗ್ರಾಫಿಕ್ಸ್ ಸೂಪರ್, ಎಲ್ಲರೂ ಆಡಿ’ ಅನ್ನೋ ರಿವ್ಯೂ ಹೊಸಬರಿಗೆ ಸಾಕು. ಇಂಟರ್ನಲ್ಸ್ ನಡುವೆ ನಮಗೆ ಸಿಗೋದು ವಾರಕ್ಕೆ ನಾಲ್ಕು ತಾಸು. ಮೂರನೇ ತಾಸಿಗೆ ಗೇಮ್ ಬೇಜಾರಾಗ್ತದೋ ಇಲ್ಲೋ, ಅದನ್ನ ಯಾರಾದ್ರೂ ಮೊದಲೇ ಹೇಳಬೇಕು.

ಫೌಜಿಯನ್ನೇ ನೋಡಿ. 2020ರ ಸೆಪ್ಟೆಂಬರ್ 2ಕ್ಕೆ ಪಬ್ಜಿ ಮೊಬೈಲ್ ಬ್ಯಾನ್ ಆಯ್ತು. ಎರಡೇ ದಿನಕ್ಕೆ ಬೆಂಗಳೂರಿನ ಎನ್‌ಕೋರ್ ಗೇಮ್ಸ್ ಫೌಜಿಯನ್ನು ಘೋಷಿಸಿತು. 2021ರ ಜನವರಿ 26ಕ್ಕೆ ಗೇಮ್ ಬಂತು, ದೇಶದ ಹೆಸರಿನಲ್ಲಿ ಐದು ಸ್ಟಾರ್‌ಗಳ ಮಳೆಯೂ ಬಂತು. ಖಾರವಾಗಿ ಬರೆದವರು ಮಾತ್ರ ನೇರ ಹೇಳಿದರು: ಗಲ್ವಾನ್ ಕಣಿವೆಯಲ್ಲಿ ನೀವೊಬ್ಬರೇ, ಬಂದೂಕಿಲ್ಲ, ಅದೇ ಗುದ್ದು ಮತ್ತೆ ಮತ್ತೆ. ಇದು ದೇಶಕ್ಕೆ ಬೈಗುಳ ಅಲ್ಲ, ಗೇಮಿನ ಲೆಕ್ಕ. ಗೆಳೆಯರ ಸ್ಕ್ವಾಡ್ ಕಟ್ಟಿ ಪಬ್ಜಿ ಆಡಿದವರಿಗೆ ಬೇಕಾಗಿದ್ದೂ ಅದೇ ಮಾಹಿತಿ. ಆ ಜೂನ್‌ನಲ್ಲಿ ಟೀಮ್ ಡೆತ್‌ಮ್ಯಾಚ್ ಸೇರಿತು. (ಬೈದಿದ್ದಕ್ಕೇ ಸೇರಿತು ಅಂತ ನಾವು ಹೇಳಲ್ಲ.)

ಬರೀ ‘ಡಬ್ಬಾ ಗೇಮ್’ ಅಂತ ಕಿರಿಚೋರು ಬೇಡ. ಎಲ್ಲಿ ಕೆಟ್ಟದ ಅಂತ ತೋರಿಸಿ ಬೈಯ್ಯೋರು ಬೇಕು. ಅಂಥವರು ಅಪರೂಪಕ್ಕೆ ಒಂದು ಗೇಮ್ ಮೆಚ್ಚಿದರೆ ನಾವು ಟ್ರೇಲರ್ ಕೂಡ ನೋಡಲ್ಲ, ಸೀದಾ ಡೌನ್‌ಲೋಡ್.